ಬೋರ್ಡಿನ ಮುಂದೆ ನಿಂತ ಹುಡುಗ

1979ರ ಮಾತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಜೇಮ್ಸ್ ಸ್ಟಿಗ್ಲರ್ ಜಪಾನಿನ ಶಾಲೆಯೊಂದರ ನಾಲ್ಕನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅಂದಿನ ಗಣಿತದ ಪಾಠ, ಘನಾಕೃತಿಯೊಂದನ್ನು ಕಾಗದದ ಮೇಲೆ ಮೂರು ಆಯಾಮ ತೋರುವಂತೆ ಬಿಡಿಸುವುದು. ಮಕ್ಕಳೆಲ್ಲ ಬಿಡಿಸುತ್ತಿದ್ದರು. ಒಬ್ಬ ಹುಡುಗನ ಘನ ಮಾತ್ರ ಸೊಟ್ಟಗಾಗಿತ್ತು. ಶಿಕ್ಷಕರು ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, ನೀನೇ ಹೋಗಿ ಬೋರ್ಡಿನ ಮೇಲೆ ಬಿಡಿಸು ಎಂದರು. ಹುಡುಗ ಹೋಗಿ ಬಿಡಿಸಿದ. ತಪ್ಪಾಯಿತು. ಅಳಿಸಿ ಮತ್ತೆ ಬಿಡಿಸಿದ. ಆಗಲೂ ತಪ್ಪೇ. ಕೆಲವು ನಿಮಿಷಗಳಿಗೊಮ್ಮೆ ಶಿಕ್ಷಕರು ತರಗತಿಯತ್ತ ತಿರುಗಿ ಸರಿಯಾಯಿತೇ ಎಂದು ಕೇಳುವರು, ಮಕ್ಕಳು ಇಲ್ಲವೆಂದು ತಲೆಯಾಡಿಸುವರು. ಹುಡುಗ ಈಗ ಅತ್ತೇ ಬಿಡುತ್ತಾನೆ ಎಂದುಕೊಂಡು ಹಿಂದಿನ ಸಾಲಿನಲ್ಲಿ ಬೆವರುತ್ತಿದ್ದವರು ಸ್ಟಿಗ್ಲರ್. ಹುಡುಗ ಅಳಲಿಲ್ಲ. ಪಾಠದ ಅವಧಿ ಮುಗಿಯುವ ಹೊತ್ತಿಗೆ ಘನ ಸರಿಯಾಗಿ ಮೂಡಿತು. ಇಡೀ ತರಗತಿ ಚಪ್ಪಾಳೆ ತಟ್ಟಿತು. ಅವನು ನಗುತ್ತಾ, ಹೆಮ್ಮೆಯಿಂದಲೇ ತನ್ನ ಜಾಗಕ್ಕೆ ಬಂದು ಕುಳಿತ.

ಸ್ಟಿಗ್ಲರ್ ಮುಂದೆ ಹೆಸರಾಂತ ಮನಶ್ಶಾಸ್ತ್ರಜ್ಞರಾದರು. ಈ ಪ್ರಸಂಗವನ್ನು ಹಲವು ಬಾರಿ ಹೇಳಿಕೊಂಡಿದ್ದಾರೆ. ನಾನು ಇದನ್ನು ಓದಿದ್ದು ಮೂವತ್ತು ವರ್ಷಕ್ಕೂ ಮಿಕ್ಕು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ. ಓದಿದ ದಿನ ನನ್ನನ್ನು ಕಾಡಿದ್ದು ಆ ಹುಡುಗನಲ್ಲ, ಅವನ ಮೇಷ್ಟರು. ನನ್ನ ತರಗತಿಯಲ್ಲಿ ಬೋರ್ಡಿಗೆ ಬರುತ್ತಿದ್ದವರು ಜಾಣರು. ಲೆಕ್ಕ ಬಂದವರು ಬಂದು ಬಿಡಿಸುವುದು, ಬಾರದವರು ನೋಡಿ ಬರೆದುಕೊಳ್ಳುವುದು ಪದ್ಧತಿಯಾಗಿತ್ತು. ಬಾರದವನನ್ನು ಕರೆದರೆ ಅದು ಶಿಕ್ಷೆಯೆಂದೇ ಅರ್ಥ. ತರಗತಿ ನಗಲು ಸಿದ್ಧವಾಗಿಯೇ ಕುಳಿತಿರುತ್ತಿತ್ತು. ನಾನು ಕ್ರೂರಿಯಾದ ಮೇಷ್ಟರೇನೂ ಆಗಿರಲಿಲ್ಲ. ನಾನು ಕಲಿತದ್ದೂ ಹಾಗೆಯೇ, ಕಲಿಸಿದ್ದೂ ಹಾಗೆಯೇ.

ಅಂತರರಾಷ್ಟ್ರೀಯ ಮೌಲ್ಯಮಾಪನಗಳಲ್ಲಿ ಪೂರ್ವ ಏಷ್ಯಾದ ಮಕ್ಕಳು ಮೇಲುಗೈ ಸಾಧಿಸುವುದು ಈಗ ಹಳೆಯ ಸುದ್ದಿ. ಹದಿನೈದು ವರ್ಷದ ಮಕ್ಕಳಿಗಾಗಿ ನಡೆಯುವ ಪೀಸಾ ಪರೀಕ್ಷೆಯ 2022ರ ಸುತ್ತಿನಲ್ಲಿ ಗಣಿತದ ಮೊದಲ ಆರು ಸ್ಥಾನಗಳು ಸಿಂಗಪುರ, ಮಕಾವ್, ತೈವಾನ್, ಹಾಂಗ್‌ಕಾಂಗ್, ಜಪಾನ್ ಮತ್ತು ದಕ್ಷಿಣ ಕೊರಿಯಾಗಳ ಪಾಲಾದವು. ಇದಕ್ಕೆ ನಮ್ಮಲ್ಲಿ ಸಿಗುವ ವಿವರಣೆ ಎರಡೇ ಬಗೆಯದು. ಅವರು ಹುಟ್ಟಾ ಬುದ್ಧಿವಂತರು ಎಂಬುದು ಒಂದು. ಮಕ್ಕಳನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ, ಉರು ಹೊಡೆಸುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಧಾರವಿಲ್ಲ. ಎರಡನೆಯದು ಅರ್ಧ ಸತ್ಯ.

ಸ್ಟಿಗ್ಲರ್ ಅವರ ಗುರು ಹೆರಾಲ್ಡ್ ಸ್ಟೀವನ್‌ಸನ್ 1980ರ ಸುಮಾರಿಗೆ ಜಪಾನಿನ ಸೆಂಡಾಯ್, ತೈವಾನಿನ ತೈಪೆ ಮತ್ತು ಅಮೆರಿಕದ ಮಿನಿಯಾಪೊಲಿಸ್ ನಗರಗಳ ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡು ದೊಡ್ಡದೊಂದು ಅಧ್ಯಯನ ಕೈಗೊಂಡರು. ಮಕ್ಕಳಿಗೆ ಗಣಿತ ಮತ್ತು ಓದಿನ ಪರೀಕ್ಷೆಗಳ ಜೊತೆಗೆ ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳೂ ಇದ್ದವು. ತಾಯಂದಿರನ್ನೂ ಶಿಕ್ಷಕರನ್ನೂ ಸಂದರ್ಶಿಸಲಾಯಿತು. ಬುದ್ಧಿಶಕ್ತಿಯಲ್ಲಿ ಮೂರು ಊರಿನ ಮಕ್ಕಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಣಿತದಲ್ಲಿ ಮಾತ್ರ ಅಂತರ ಅಗಾಧವಾಗಿತ್ತು. ಐದನೆಯ ತರಗತಿಯ ಹೊತ್ತಿಗೆ, ಅಮೆರಿಕದ ಅತ್ಯುತ್ತಮ ತರಗತಿಯ ಸರಾಸರಿಯು ಜಪಾನಿನ ಅತ್ಯಂತ ಹಿಂದುಳಿದ ತರಗತಿಯ ಸರಾಸರಿಗಿಂತ ಕೆಳಗಿತ್ತು.

ಆದರೆ ತಮ್ಮ ಮಗುವಿನ ಓದು ತೃಪ್ತಿಕರವಾಗಿದೆಯೇ ಎಂಬ ಪ್ರಶ್ನೆಗೆ ಹೆಚ್ಚು ಸಮಾಧಾನದ ಉತ್ತರ ಕೊಟ್ಟವರು ಮಿನಿಯಾಪೊಲಿಸ್‌ನ ತಾಯಂದಿರು. ಮಗು ಓದಿನಲ್ಲಿ ಮುಂದೆ ಬರುವುದು ಯಾವುದರಿಂದ ಎಂದು ಕೇಳಿದಾಗ ಅವರು ಹುಟ್ಟಿನಿಂದ ಬಂದ ಸಾಮರ್ಥ್ಯಕ್ಕೆ ಹೆಚ್ಚು ತೂಕ ಕೊಟ್ಟರು. ಸೆಂಡಾಯ್ ಮತ್ತು ತೈಪೆಯ ತಾಯಂದಿರು ಪರಿಶ್ರಮಕ್ಕೆ. ಸ್ಟೀವನ್‌ಸನ್ ಮತ್ತು ಸ್ಟಿಗ್ಲರ್ 1992ರಲ್ಲಿ ಹೊರತಂದ 'ದ ಲರ್ನಿಂಗ್ ಗ್ಯಾಪ್' ಎಂಬ ಪುಸ್ತಕದ ತಿರುಳು ಇದು. ಸಾಮರ್ಥ್ಯವೇ ಮುಖ್ಯ ಎಂದು ನಂಬಿದವರ ಮನೆಯಲ್ಲಿ ಕಡಿಮೆ ಅಂಕ ಬಂದರೆ ಅದು ತೀರ್ಪು. ಪರಿಶ್ರಮವೇ ಮುಖ್ಯ ಎಂದು ನಂಬಿದವರ ಮನೆಯಲ್ಲಿ ಅದು ಇನ್ನಷ್ಟು ಕೆಲಸ ಬಾಕಿ ಇದೆ ಎಂಬ ಸೂಚನೆ. ಬೋರ್ಡಿನ ಮುಂದೆ ನಿಂತ ಆ ಹುಡುಗನಿಗೆ ಅವಮಾನವಾಗದಿದ್ದುದರ ಗುಟ್ಟೂ ಇಲ್ಲಿದೆ. ಅವನು ದಡ್ಡನೆಂದು ಅಲ್ಲಿ ಯಾರೂ ತಿಳಿದಿರಲಿಲ್ಲ. ಅವನ ಘನ ಇನ್ನೂ ಮುಗಿದಿಲ್ಲ ಎಂದಷ್ಟೇ ತಿಳಿದಿದ್ದರು.

ಈ ನಂಬಿಕೆ ಎಲ್ಲಿಂದ ಬಂತು? ವಿದ್ವಾಂಸರು ಸಾಮಾನ್ಯವಾಗಿ ಕನ್‌ಫ್ಯೂಶಿಯಸ್‌ನತ್ತ ಬೆರಳು ತೋರುತ್ತಾರೆ. ಅವನ ಮಾತುಗಳ ಸಂಕಲನವಾದ 'ಅನಲೆಕ್ಟ್ಸ್' ತೊಡಗುವುದೇ ಕಲಿತದ್ದನ್ನು ರೂಢಿಸಿಕೊಳ್ಳುವ ಸಂತೋಷದ ಪ್ರಸ್ತಾಪದಿಂದ. ದೇವರನ್ನಾಗಲೀ ಸೃಷ್ಟಿಯನ್ನಾಗಲೀ ಬಿಟ್ಟು ಕಲಿಕೆಯಿಂದ ಆರಂಭವಾಗುವ ಧರ್ಮಗ್ರಂಥ ಅಪರೂಪವೇ ಸರಿ. ಆಮೇಲೆ ಚೀನಾದ ರಾಜಪರೀಕ್ಷೆಗಳ ವ್ಯವಸ್ಥೆ ಬಂತು. ಸುಯಿ ರಾಜವಂಶದ ಕಾಲದಿಂದ 1905ರಲ್ಲಿ ರದ್ದಾಗುವವರೆಗೆ ಸುಮಾರು 1300 ವರ್ಷ ಅಧಿಕಾರದ ಹುದ್ದೆಗೆ ಏರಲು ಅಲ್ಲಿ ಪರೀಕ್ಷೆಯೇ ಮುಖ್ಯ ಏಣಿಯಾಯಿತು. ಹೆಂಗಸರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ವರ್ಷಗಟ್ಟಲೆ ಕುಳಿತು ಓದುವ ಅನುಕೂಲ ಬಡ ರೈತನ ಮಗನಿಗೂ ಇರಲಿಲ್ಲ. ಆದರೂ ಓದಿದರೆ ಯಾರ ಮಗನಾದರೂ ಮೇಲೇರಬಲ್ಲ ಎಂಬ ಭಾವನೆಯನ್ನು ಆ ವ್ಯವಸ್ಥೆ ಹಳ್ಳಿಹಳ್ಳಿಗೂ ಮುಟ್ಟಿಸಿತು. ಹಾನ್ ರಾಜವಂಶದ ಕಾಲದ ಕ್ವಾಂಗ್ ಹೆಂಗ್ ಎಂಬ ಬಡ ಹುಡುಗ, ದೀಪಕ್ಕೆ ಎಣ್ಣೆಯಿಲ್ಲದೆ, ಗೋಡೆಗೆ ತೂತು ಕೊರೆದು ಪಕ್ಕದ ಮನೆಯ ಬೆಳಕಿನಲ್ಲಿ ಓದಿ ಮುಂದೆ ಮಂತ್ರಿಯಾದ ಕತೆಯನ್ನು ಚೀನೀ ಮಕ್ಕಳು ಇಂದಿಗೂ ಕೇಳುತ್ತಾರೆ.

ಜಪಾನಿನ ಶಾಲೆಗಳ ಅಂಗಳದಲ್ಲಿ ಬೆನ್ನ ಮೇಲೆ ಸೌದೆ ಹೊರೆ ಹೊತ್ತು ನಡೆಯುತ್ತಲೇ ಪುಸ್ತಕ ಓದುವ ಹುಡುಗನ ಪ್ರತಿಮೆ ಕಾಣಸಿಗುತ್ತದೆ. ಅದು 1787ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಮುಂದೆ ಗ್ರಾಮಸುಧಾರಕನಾಗಿ ಹೆಸರಾದ ನಿನೊಮಿಯ ಸೊಂತೊಕು. ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕಾಗಿ ಕಂಚಿನ ಪ್ರತಿಮೆಗಳನ್ನು ಕರಗಿಸಲಾಯಿತು, ಎಷ್ಟೋ ಕಡೆ ಆ ಜಾಗಕ್ಕೆ ಕಲ್ಲಿನವು ಬಂದವು. ಈಚೆಗೆ ಕೆಲವು ಶಾಲೆಗಳು ಕುಳಿತು ಓದುವ ನಿನೊಮಿಯನನ್ನು ತಂದಿವೆ. ನಡೆಯುತ್ತಾ ಓದುವುದನ್ನು ನೋಡಿ ಮಕ್ಕಳು ರಸ್ತೆಯಲ್ಲಿ ಮೊಬೈಲ್ ನೋಡುವುದನ್ನು ಕಲಿತಾರು ಎಂಬ ಭಯವಂತೆ!

ಈ ಕತೆಗಳನ್ನು ಕೇಳಿ ಬೆಳೆದ ಮನಸ್ಸು ಸೋಲನ್ನು ಹೇಗೆ ಎದುರಿಸುತ್ತದೆ ಎಂಬುದನ್ನು ತೋರುವ ಒಂದು ಪ್ರಯೋಗವಿದೆ. ಸ್ಟೀವನ್ ಹೈನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು. ಕೆನಡಾ ಮತ್ತು ಜಪಾನಿನ ಕಾಲೇಜು ವಿದ್ಯಾರ್ಥಿಗಳಿಗೆ ಪದಗಳ ಒಗಟೊಂದನ್ನು ಕೊಟ್ಟು, ಕೆಲವರು ಗೆಲ್ಲುವಂತೆ, ಕೆಲವರು ಸೋಲುವಂತೆ ಏರ್ಪಾಟು ಮಾಡಲಾಗಿತ್ತು. ಆಮೇಲೆ ಅಂಥದೇ ಇನ್ನೊಂದು ಒಗಟಿನೊಡನೆ ಅವರನ್ನು ಒಂಟಿಯಾಗಿ ಬಿಟ್ಟು ಎಷ್ಟು ಹೊತ್ತು ಅದರಲ್ಲಿ ತೊಡಗಿರುತ್ತಾರೆಂದು ಗಮನಿಸಿದರು. ಕೆನಡಾದವರು ಗೆದ್ದ ಮೇಲೆ ಹೆಚ್ಚು ಹೊತ್ತು ಮುಂದುವರಿಸಿದರು. ಜಪಾನೀಯರು ಸೋತ ಮೇಲೆ ಹೆಚ್ಚು ಹೊತ್ತು ಮುಂದುವರಿಸಿದರು. ನಮ್ಮ ಮಕ್ಕಳ ಮೇಲೆ ಇದೇ ಪ್ರಯೋಗ ಮಾಡಿದರೆ ಏನಾದೀತು ಎಂದು ಊಹಿಸುವುದು ನನ್ನ ನಿವೃತ್ತ ಸಂಜೆಗಳ ಹವ್ಯಾಸಗಳಲ್ಲೊಂದು.

ಪರಿಶ್ರಮದ ಮೇಲಿನ ನಂಬಿಕೆಯಷ್ಟೇ ಬಲವಾದ ಇನ್ನೊಂದು ಎಳೆ ಮನೆಯದು. ಪ್ರೇರಣೆ ಒಳಗಿನಿಂದ ಬರಬೇಕು, ಮಗು ತಾನೇ ಆರಿಸಿಕೊಂಡದ್ದನ್ನು ಚೆನ್ನಾಗಿ ಮಾಡುತ್ತದೆ ಎಂಬುದು ಪಾಶ್ಚಾತ್ಯ ಮನಶ್ಶಾಸ್ತ್ರದ ಬಹುಕಾಲದ ಪಾಠ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಾಠವನ್ನು ಅಲುಗಾಡಿಸಿತು. ಸ್ಯಾನ್ ಫ್ರಾನ್ಸಿಸ್ಕೊದ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಹೊಂದಿಸಿ ಪದ ಮಾಡುವ ಆಟ ಕೊಟ್ಟರು. ಕೆಲವರಿಗೆ ಆಟದ ವಿಷಯವನ್ನು ತಾವೇ ಆರಿಸಿಕೊಳ್ಳುವ ಅವಕಾಶ. ಕೆಲವರಿಗೆ ಪ್ರಯೋಗ ನಡೆಸುವವರು ಆರಿಸಿದರು. ಉಳಿದವರಿಗೆ, ಇದನ್ನು ನಿಮ್ಮಮ್ಮ ಆರಿಸಿದ್ದಾರೆ ಎಂದು ಹೇಳಿದರು. ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿಕೊಂಡಾಗ ಅತ್ಯುತ್ತಮವಾಗಿ ಆಡಿದರು. ಚೀನೀ ಮತ್ತು ಜಪಾನೀ ಮೂಲದ ಮಕ್ಕಳು ಅತ್ಯುತ್ತಮವಾಗಿ ಆಡಿದ್ದು ಅಮ್ಮ ಆರಿಸಿದ್ದೆಂದು ತಿಳಿದಾಗ.

ಇದರಲ್ಲಿ ಕನ್ನಡದ ಓದುಗರಿಗೆ ಅಚ್ಚರಿಯೇನೂ ಇರಲಾರದು. ಅಮ್ಮನ ಆಯ್ಕೆ ತನ್ನ ಆಯ್ಕೆಯಲ್ಲ ಎಂದು ಆ ಮಕ್ಕಳಿಗೆ ಅನ್ನಿಸಲಿಲ್ಲ, ಅಷ್ಟೆ. ಚೀನೀ ಭಾಷೆಯಲ್ಲಿ 'ಗ್ವಾನ್' ಎಂಬ ಪದವಿದೆ. ಅಂಕೆಯಲ್ಲಿಡುವುದು ಎಂದೂ ಕಾಳಜಿ ಮಾಡುವುದು ಎಂದೂ ಅದಕ್ಕೆ ಅರ್ಥ. ಚೀನೀ ತಾಯಂದಿರ ಕಟ್ಟುನಿಟ್ಟನ್ನು ಸರ್ವಾಧಿಕಾರವೆಂದು ಅಳೆಯುವುದು ತಪ್ಪು, ಅದನ್ನು ಈ ಪದದ ಮೂಲಕ ನೋಡಬೇಕು ಎಂದು ಸಂಶೋಧಕಿ ರೂತ್ ಚಾವ್ 1994ರಲ್ಲಿ ವಾದಿಸಿದರು. ನಮ್ಮ 'ಬುದ್ಧಿ ಹೇಳುವುದು' ಎಂಬ ಮಾತಿನಲ್ಲೂ ಗದರಿಕೆ ಮತ್ತು ಅಕ್ಕರೆ ಒಟ್ಟಿಗೇ ಇವೆಯಲ್ಲವೆ? 2011ರಲ್ಲಿ ಏಮಿ ಚುವಾ ತಮ್ಮ 'ಹುಲಿ ತಾಯಿ'ಯ ಆತ್ಮಕಥನ ಬರೆದಾಗ ಅಮೆರಿಕ ಬೆಚ್ಚಿಬಿತ್ತು. ನನ್ನ ಪರಿಚಯದ ಜಯನಗರದ ಕೆಲವು ತಾಯಂದಿರು ಅದನ್ನು ಓದಿದ್ದರೆ, ಇದರಲ್ಲಿ ಬರೆಯುವಂಥದ್ದೇನಿದೆ ಎಂದು ಕೇಳುತ್ತಿದ್ದರೋ ಏನೋ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯ ಲೇಖನವಾಗುತ್ತದೆ. ಪರಿಶ್ರಮದ ನಂಬಿಕೆಗೆ ಇನ್ನೊಂದು ಮುಖವಿದೆ. ಅದನ್ನು ನೋಡಬೇಕಾದರೆ ನವೆಂಬರ್ ತಿಂಗಳ ಒಂದು ಗುರುವಾರ ದಕ್ಷಿಣ ಕೊರಿಯಾವನ್ನು ನೋಡಬೇಕು. ಕಾಲೇಜು ಪ್ರವೇಶ ಪರೀಕ್ಷೆಯಾದ 'ಸುನುಂಗ್' ನಡೆಯುವ ದಿನ ಅದು. ವಿದ್ಯಾರ್ಥಿಗಳಿಗೆ ಸಂಚಾರ ಸುಗಮವಾಗಲೆಂದು ಕಚೇರಿಗಳೂ ಷೇರುಪೇಟೆಯೂ ಒಂದು ಗಂಟೆ ತಡವಾಗಿ ತೆರೆಯುತ್ತವೆ. ತಡವಾದ ಅಭ್ಯರ್ಥಿಯನ್ನು ಪೊಲೀಸರು ತಮ್ಮ ವಾಹನದಲ್ಲಿ ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸುತ್ತಾರೆ. ಇಂಗ್ಲಿಷ್ ಆಲಿಸುವಿಕೆಯ ಪರೀಕ್ಷೆ ನಡೆಯುವ ಅರ್ಧ ಗಂಟೆಗೂ ತುಸು ಮಿಕ್ಕ ಅವಧಿಯಲ್ಲಿ ದೇಶದ ಯಾವ ನಿಲ್ದಾಣದಲ್ಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ತಾಯಂದಿರು ನೂರು ದಿನಗಳ ಪ್ರಾರ್ಥನೆಯ ಹರಕೆ ಹೊರುತ್ತಾರೆ. 'ಯೊತ್' ಎಂಬ ಅಂಟು ಮಿಠಾಯಿಯನ್ನು ಮಕ್ಕಳಿಗೆ ತಿನ್ನಿಸುವುದು, ಅದು ಅಂಟಿದಂತೆ ಮಗನಿಗೆ ಸೀಟೂ ಅಂಟಿಕೊಳ್ಳಲೆಂದು. ಜಾರುವ ಸ್ವಭಾವದ ಕಡಲಪಾಚಿಯ ಸಾರು ಅಂದು ವರ್ಜ್ಯ. ಪರೀಕ್ಷೆಯ ದಿನ ಮೊಸರು ಸಕ್ಕರೆ ತಿನ್ನಿಸಿ ಕಳಿಸುವ ನಮಗೆ ಇದು ದೂರದ ಲೋಕವೇನಲ್ಲ.

ನಾಲ್ಕು ಗಂಟೆ ಮಲಗಿದವನು ತೇರ್ಗಡೆ, ಐದು ಗಂಟೆ ಮಲಗಿದವನು ನಪಾಸು ಎಂಬುದು ಅಲ್ಲಿಯ ಗಾದೆಮಾತು. ಹಗಲು ಶಾಲೆ, ರಾತ್ರಿ 'ಹಾಗ್ವೊನ್' ಎಂಬ ಖಾಸಗಿ ಪಾಠಶಾಲೆ. 1980ರಲ್ಲಿ ಅಲ್ಲಿಯ ಸೇನಾ ಆಡಳಿತ ಖಾಸಗಿ ಪಾಠವನ್ನೇ ನಿಷೇಧಿಸಿತು. ಪಾಠ ಕದ್ದುಮುಚ್ಚಿ ನಡೆಯಿತು. ಇಂಥ ನಿಷೇಧ ಸಂವಿಧಾನಬಾಹಿರವೆಂದು 2000ದಲ್ಲಿ ಸಂವಿಧಾನ ನ್ಯಾಯಾಲಯ ಹೇಳಿತು. ಆಮೇಲೆ ಸೋಲ್ ನಗರದಲ್ಲಿ ರಾತ್ರಿ ಹತ್ತರ ನಂತರ ಹಾಗ್ವೊನ್‌ಗಳು ತೆರೆದಿರಬಾರದೆಂಬ ನಿಯಮ ಬಂತು. 2024ರಲ್ಲಿ ಶಾಲಾ ಮಕ್ಕಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕುಸಿದಿದ್ದರೂ ಖಾಸಗಿ ಪಾಠಕ್ಕೆ ಕೊರಿಯಾದ ಕುಟುಂಬಗಳು ಸುರಿದ ಹಣ 29 ಲಕ್ಷ ಕೋಟಿ ವೊನ್ ದಾಟಿತು. ಚೀನಾ ಕೂಡ 2021ರಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸಿನ ಮಕ್ಕಳಿಗೆ ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಪಾಠ ಹೇಳುವ ಉದ್ಯಮವನ್ನು ಒಂದೇ ಆದೇಶದಿಂದ ಕೆಡವಿತು. ಆದರೆ 2024ರ 'ಗಾವ್‌ಕಾವ್' ಪ್ರವೇಶ ಪರೀಕ್ಷೆಗೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ. ಏಣಿ ಇಷ್ಟು ಕಿರಿದಾಗಿರುವಾಗ ಪಾಠದ ಅಂಗಡಿಗೆ ಬೀಗ ಹಾಕಿದ ಮಾತ್ರಕ್ಕೆ ಪೈಪೋಟಿ ತಗ್ಗೀತೆ?

ದುಡಿದರೆ ಬಂದೇ ಬರುತ್ತದೆ ಎಂದು ನಂಬಿದ ಸಮಾಜದಲ್ಲಿ ಬಾರದಿದ್ದವನ ಗತಿಯೇನು? ಅವನು ದುಡಿಯಲಿಲ್ಲ ಎಂದೇ ಅರ್ಥ. ಸಾಮರ್ಥ್ಯವಿಲ್ಲ ಎಂಬ ತೀರ್ಪಿನಲ್ಲಿ ಕನಿಷ್ಠ ಪಾಪಪ್ರಜ್ಞೆ ಇರುವುದಿಲ್ಲ. ಇಲ್ಲಿ ಸೋಲು ನಡತೆಯ ದೋಷವಾಗುತ್ತದೆ, ಅಪ್ಪ ಅಮ್ಮನ ತ್ಯಾಗಕ್ಕೆ ಬಗೆದ ದ್ರೋಹವಾಗುತ್ತದೆ. ಪೀಸಾದ 2018ರ ಸುತ್ತಿನಲ್ಲಿ ಸೋಲಿನ ಭಯವನ್ನೂ ಅಳೆದಿದ್ದರು. ಅದು ಹೆಚ್ಚಾಗಿ ಕಂಡುಬಂದ ಕಡೆಗಳಲ್ಲಿ ತೈವಾನ್, ಜಪಾನ್, ಸಿಂಗಪುರಗಳೂ ಇದ್ದವು. ಅಂಕಗಳ ಪಟ್ಟಿಯಲ್ಲೂ ಮೇಲಿದ್ದ ದೇಶಗಳೇ ಅವು. ಜಪಾನಿನಲ್ಲಿ 2024ರಲ್ಲಿ ಐನೂರಕ್ಕೂ ಹೆಚ್ಚು ಶಾಲಾ ಮಕ್ಕಳು ಆತ್ಮಹತ್ಯೆ ಮಾಡಿಕೊಂಡರು. ಕಾರಣಗಳು ಹಲವಿರುತ್ತವೆ, ಎಲ್ಲವನ್ನೂ ಪರೀಕ್ಷೆಯ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಆ ಸಂಖ್ಯೆಯನ್ನು ಮರೆತು ಅಂಕಪಟ್ಟಿಯನ್ನಷ್ಟೇ ಓದುವಂತಿಲ್ಲ.

ಸಂಸ್ಕೃತಿಯ ಮಾತನ್ನು ಎಚ್ಚರಿಕೆಯಿಂದ ಆಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಕ್ಸ್ ವೆಬರ್ ಚೀನಾದಲ್ಲಿ ಬಂಡವಾಳಶಾಹಿ ಬೆಳೆಯದಿರುವುದಕ್ಕೆ ಕನ್‌ಫ್ಯೂಶಿಯಸ್‌ನ ಪರಂಪರೆಯನ್ನೇ ಒಂದು ಕಾರಣವಾಗಿ ತೋರಿಸಿದ್ದ. ನೂರು ವರ್ಷ ಕಳೆಯುವುದರೊಳಗೆ ಅದೇ ಪರಂಪರೆ ಏಷ್ಯಾದ ಯಶಸ್ಸಿನ ಗುಟ್ಟೆನಿಸಿತು. ಕನ್‌ಫ್ಯೂಶಿಯಸ್ ಬದಲಾಗಲಿಲ್ಲ, ಫಲಿತಾಂಶ ಬದಲಾಯಿತು. ಹಾಗೆಯೇ 2009ರ ಪೀಸಾದಲ್ಲಿ ಮೂರೂ ವಿಷಯಗಳಲ್ಲಿ ಮೊದಲ ಸ್ಥಾನ ಪಡೆದ ಶಾಂಘಾಯ್ ಎಂದರೆ ಇಡೀ ಚೀನಾ ಅಲ್ಲ. ಹಳ್ಳಿಯಿಂದ ದುಡಿಯಲು ಬಂದವರ ಎಷ್ಟೋ ಮಕ್ಕಳು ನಿವಾಸಿ ಪರವಾನಗಿಯಿಲ್ಲದ ಕಾರಣಕ್ಕೆ ಆ ನಗರದ ಪ್ರೌಢಶಾಲೆಗಳಿಂದ ಹೊರಗುಳಿಯುತ್ತಿದ್ದರು. ನಂಬಿಕೆ ಗಾಳಿಯಲ್ಲಿ ನಿಲ್ಲುವುದೂ ಇಲ್ಲ. ಜಪಾನಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಜಾಣರಿಗೊಂದು, ದಡ್ಡರಿಗೊಂದು ಎಂದು ತರಗತಿಗಳನ್ನು ಒಡೆಯುವುದಿಲ್ಲ. ಮಕ್ಕಳೇ ತರಗತಿ ಗುಡಿಸುತ್ತಾರೆ, ಊಟ ಬಡಿಸುತ್ತಾರೆ. ಗುಂಪು ಮಾಡುವಾಗ ಬಗೆಬಗೆಯ ಮಕ್ಕಳನ್ನು ಕಲಸಿ ಕೂರಿಸುತ್ತಾರೆ. ಶಿಕ್ಷಕರು ಒಬ್ಬರ ಪಾಠವನ್ನು ಇನ್ನೊಬ್ಬರು ಕುಳಿತು ನೋಡಿ ತಿದ್ದುವ ಪದ್ಧತಿ ದಶಕಗಳಿಂದ ಇದೆ. ಬೋರ್ಡಿನ ಮುಂದಿನ ಹುಡುಗನ ಧೈರ್ಯದಲ್ಲಿ ಇವೆಲ್ಲದರ ಪಾಲಿದೆ.

ಇನ್ನು ನಮ್ಮ ಮಾತು. ಭಾರತವೂ ಏಷ್ಯಾವೇ, ಇಲ್ಲಿಯ ಮಕ್ಕಳೂ ರಾತ್ರಿಯಿಡೀ ಓದುತ್ತಾರೆ. 2024ರ ನೀಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ. ಇದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಆಸುಪಾಸು. ಪರಿಶ್ರಮಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು 2009ರ ಪೀಸಾ ಸುತ್ತಿನ ವಿಸ್ತರಣೆಯಲ್ಲಿ ಪಾಲ್ಗೊಂಡಾಗ, ಅವುಗಳಿಗಿಂತ ಕೆಳಗೆ ಇದ್ದದ್ದು ಕಿರ್ಗಿಸ್ತಾನ ಮಾತ್ರ. ಪ್ರಶ್ನೆಗಳು ನಮ್ಮ ಪರಿಸರಕ್ಕೆ ಹೊಂದುವುದಿಲ್ಲ ಎಂಬ ಆಕ್ಷೇಪ ಕೇಳಿಬಂತು. 2012ರಿಂದ 2022ರವರೆಗಿನ ಯಾವ ಸುತ್ತಿನಲ್ಲೂ ಭಾರತ ಕಾಣಿಸಿಕೊಳ್ಳಲಿಲ್ಲ. ಸೋತ ಮೇಲೆ ಒಗಟನ್ನು ಕೈಬಿಟ್ಟ ಕೆನಡಾದ ವಿದ್ಯಾರ್ಥಿಗಳು ನೆನಪಾದರೆ ತಪ್ಪು ನನ್ನದಲ್ಲ.

ನಮ್ಮ ನಂಬಿಕೆ ನಮ್ಮ ಮಾತಿನಲ್ಲಿದೆ. ಲೆಕ್ಕ ಬರುವವನಿಗೆ 'ತಲೆ ಇದೆ', ಬಾರದವನಿಗೆ 'ತಲೆ ಇಲ್ಲ'. ಪಾಠ 'ತಲೆಗೆ ಹತ್ತುತ್ತದೆ' ಇಲ್ಲವೇ 'ಹತ್ತುವುದಿಲ್ಲ', ಕಲಿಯುವವನು ಅಲ್ಲಿ ಕರ್ತೃವೇ ಅಲ್ಲ. ಫಲಿತಾಂಶ ಬಂದ ಮೇಲೆ ಹಣೆಬರಹ. ಶಿಕ್ಷಕರ ಕೊಠಡಿಯಲ್ಲಂತೂ ಕೋಣನ ಮುಂದೆ ಕಿನ್ನರಿ ಬಾರಿಸಿದ್ದು, ಬೋರ್ಗಲ್ಲ ಮೇಲೆ ಮಳೆ ಸುರಿದದ್ದು ನಿತ್ಯದ ಮಾತು. ನಾನೂ ಆಡಿದ್ದೇನೆ. ಇಂಥ ಜಾತಿಯವರಿಗೆ ಅಕ್ಷರ ಒಲಿಯದು ಎಂದು ಶತಮಾನಗಳ ಕಾಲ ಹೇಳಿಕೊಂಡು ಬಂದ ಸಮಾಜದಲ್ಲಿ ಈ ಮಾತುಗಳು ಕೇವಲ ನುಡಿಗಟ್ಟುಗಳಲ್ಲ. ನಮ್ಮಲ್ಲೂ ಗೋಡೆ ಕೊರೆದು ಬೆಳಕು ಕಂಡ ಹುಡುಗನ ಕತೆಯಿದೆ. ಏಕಲವ್ಯನೆಂಬ ಅವನು ಮಂತ್ರಿಯಾಗಲಿಲ್ಲ, ಹೆಬ್ಬೆರಳು ಕಳೆದುಕೊಂಡ.

ಹಾಗೆಂದು ಪರಿಶ್ರಮದ ಸಂಸ್ಕೃತಿ ನಮ್ಮಲ್ಲಿ ಇಲ್ಲವೇ? ಇದೆ, ಅದು ಶಾಲೆಯ ಕಾಂಪೌಂಡಿನ ಹೊರಗಿದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತದ್ದು ಎಲ್ಲರಿಗೂ ತಿಳಿದದ್ದೇ. ಅದೇ ಸ್ವರಗಳನ್ನು ಮತ್ತೆ ಮತ್ತೆ ತಿದ್ದುವ ಆ ಕಲಿಕೆಯಲ್ಲಿ ನಿನ್ನೆ ತಪ್ಪಿದ್ದು ಇಂದು ಹೇಳಿಸಿಕೊಳ್ಳಬೇಕಾದ ಪಾಠ, ಅಷ್ಟೆ. ಸರಳೆ ವರಸೆ ಹೇಳಿಕೊಡುವ ಯಾವ ಸಂಗೀತದ ಮೇಷ್ಟರೂ ಮೊದಲ ವಾರದಲ್ಲೇ ಈ ಹುಡುಗಿಗೆ ಸಂಗೀತ ಬರುವುದಿಲ್ಲ ಎಂದು ಮನೆಗೆ ಕಳಿಸುವುದಿಲ್ಲ. ಗರಡಿಮನೆಯಲ್ಲೂ ಅಷ್ಟೆ, ಕಮ್ಮಾರನ ಕುಲುಮೆಯಲ್ಲೂ ಅಷ್ಟೆ. ಒಂದೇ ಸಮಾಜ ಕೈಗೆ ಒಂದು ನ್ಯಾಯ, ತಲೆಗೆ ಇನ್ನೊಂದು ನ್ಯಾಯ ಇಟ್ಟುಕೊಂಡಿದೆ.

ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ. 1990ರ ದಶಕದ ಆರಂಭದಲ್ಲಿ ನಾನಿದ್ದ ಶಾಲೆಯಲ್ಲಿ ಎಂಟನೆಯ ತರಗತಿಯನ್ನು ಅಂಕಗಳ ಪ್ರಕಾರ 'ಎ', 'ಬಿ', 'ಸಿ' ವಿಭಾಗಗಳಾಗಿ ಒಡೆಯುತ್ತಿದ್ದೆವು. ಕಲಿಸಲು ಅನುಕೂಲ ಎಂಬುದು ನೆಪ. ಸಭೆಯಲ್ಲಿ ಇದನ್ನು ಸೂಚಿಸಿದವನು ನಾನೇ. 'ಸಿ' ವಿಭಾಗದಲ್ಲಿ ಒಬ್ಬ ಹುಡುಗನಿದ್ದ. ಸದಾ ಮೌನಿ, ಹಿಂದಿನ ಬೆಂಚು, ಭಿನ್ನರಾಶಿ ಕಂಡರೆ ತಲೆ ತಗ್ಗಿಸುವವನು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 11 ಅಂಕ ಬಂದಾಗ ಅವನ ತಂದೆಯನ್ನು ಕರೆಸಿದೆ. ಆತ ಬಡಗಿ. ಕೆಲಸದಿಂದ ನೇರವಾಗಿ ಬಂದಿದ್ದರು, ಅಂಗಿಯ ತೋಳಿನಲ್ಲಿ ಮರದ ಹೊಟ್ಟು ಹಾಗೇ ಇತ್ತು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

'ನೋಡಿ, ಇವನಿಗೆ ಗಣಿತ ತಲೆಗೆ ಹತ್ತುವುದಿಲ್ಲ. ಹತ್ತನೇ ಕ್ಲಾಸು ದಾಟುವುದು ಕಷ್ಟ. ಈಗಿನಿಂದಲೇ ನಿಮ್ಮ ಕೆಲಸ ಕಲಿಸುವುದು ಒಳ್ಳೆಯದು' ಎಂದೆ. ಹಿತವಚನವೆಂದೇ ಭಾವಿಸಿ ಆಡಿದ ಮಾತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಮೇಷ್ಟ್ರೇ, ನನ್ನ ತಮ್ಮನ ಮಗ ಕೆಲಸಕ್ಕೆ ಬಂದಾಗ ಉಳಿ ಹಿಡಿಯೋಕೂ ಬರ್ತಿರಲಿಲ್ಲ. ಒಂದು ವರ್ಷ ಬರೀ ಮರ ಹಾಳು ಮಾಡ್ದ. ಹತ್ತಲ್ಲ ಅಂತ ನಾನು ಅವನನ್ನ ಮನೆಗೆ ಕಳಿಸಲಿಲ್ಲ. ನಮ್ಮ ಕಸುಬಲ್ಲಿ ಹಂಗೆ ಕಳಿಸಲ್ಲ' ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಿಳಿಸುವ ವಿನಯವಿತ್ತು.

ಬಡಗಿಯ ಮಗನಿಗೆ ಉಳಿ ಬಂದೇ ಬರುತ್ತದೆ ಎಂಬ ಭರವಸೆಯಲ್ಲೂ ಹುಟ್ಟಿನ ಲೆಕ್ಕಾಚಾರ ಇಲ್ಲದೆ ಇಲ್ಲ ಎಂದು ನಾನು ಆಮೇಲೆ ಮನಸ್ಸಿನಲ್ಲೇ ವಾದ ಹೂಡಿದ್ದುಂಟು. ಸೋತವನ ವಾದ ಅದು. ಆ ಮನುಷ್ಯ ಒಂದು ವರ್ಷದ ಮರವನ್ನು ಒಬ್ಬ ಹುಡುಗನ ಕಲಿಕೆಗಾಗಿ ಕಳೆದುಕೊಳ್ಳಲು ಸಿದ್ಧನಿದ್ದ. ನಾನು ಆರು ತಿಂಗಳಿಗೇ ತೀರ್ಪು ಬರೆದಿದ್ದೆ, ನನಗೆ ಖರ್ಚಾಗುತ್ತಿದ್ದುದು ಸೀಮೆಸುಣ್ಣ ಮಾತ್ರ.

2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಒಳ್ಳೆಯ ಹೆಜ್ಜೆ, ಪೂರಕ ಪರೀಕ್ಷೆ ಎಂಬ ಹಳೆಯ ಹಣೆಪಟ್ಟಿ ಹೋಗಿ ಪರೀಕ್ಷೆ 1, 2, 3 ಎಂದಾಯಿತು. ಆದರೆ ಒಂದು ಪರೀಕ್ಷೆಗೂ ಮುಂದಿನದಕ್ಕೂ ನಡುವಿನ ವಾರಗಳಲ್ಲಿ ಆ ಮಗುವಿನ ಪಕ್ಕದಲ್ಲಿ ಯಾರು ಕೂರುತ್ತಾರೆ, ಏನು ಹೇಳುತ್ತಾರೆ ಎಂಬುದನ್ನು ಸುತ್ತೋಲೆಯಲ್ಲಿ ಬರೆಯಲು ಬರುವುದಿಲ್ಲ. ನೆರೆಯ ಮನೆಯ ಹುಡುಗಿಗೆ ಈಗ ಸಂಜೆ ಲೆಕ್ಕ ಹೇಳಿಕೊಡುತ್ತೇನೆ. ಮೊದಲ ದಿನ ಅವಳು ಹೇಳಿದ ಮಾತು, 'ತಾತ, ನಂಗೆ ಮ್ಯಾಥ್ಸ್ ಬರಲ್ಲ.' ಹೆಸರು, ತರಗತಿ ಹೇಳಿದಷ್ಟೇ ಸಹಜವಾಗಿ ಹೇಳಿದಳು. ಹತ್ತು ವರ್ಷದ ಮಗುವಿಗೆ ಇದನ್ನು ಯಾರೋ ಕಲಿಸಿದ್ದಾರೆ, ಮತ್ತು ಬಹಳ ಚೆನ್ನಾಗಿಯೇ ಕಲಿಸಿದ್ದಾರೆ.

ಬಡಗಿಯ ಮಗ ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಶಾಲೆಗೆ ಹೋದನೆಂದು ಗುಮಾಸ್ತರು ಹೇಳಿದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಜಪಾನಿನ ಆ ತರಗತಿಯ ಪ್ರಸಂಗ ಓದಿದ ರಾತ್ರಿ, ಆ ಹುಡುಗನನ್ನು ನಾನು ಎಷ್ಟು ಬಾರಿ ಬೋರ್ಡಿಗೆ ಕರೆದಿದ್ದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಒಂದೇ ಬಾರಿ ಎಂದು ತೋರುತ್ತದೆ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಒಂದು ಗೆರೆ ಎಳೆದಿದ್ದ. ಹಿಂದಿನಿಂದ ಯಾರೋ ನಕ್ಕರು, ನಾನು ಅವನನ್ನು ಹೋಗಿ ಕುಳಿತುಕೋ ಎಂದೆ.